ಸೌನಾ ಬಂಡೆಯ ಕಲ್ಲುಹೂವು

ಸೈಲಾ ಸಿನಿಮಾ ಮಾಡುತ್ತಾಳೆ ಎಂದರೆ ಹೊರಗಿನವರು ಮೊದಲು ಕೇಳುವುದು, ಅದರಲ್ಲಿ ಯಾರ್ಯಾರು ಇದ್ದಾರೆ ಅಂತ. ಯಾರೂ ಇಲ್ಲ. ಅವಳ ಚಿತ್ರಗಳಲ್ಲಿ ಇಲ್ಲಿಯವರೆಗೆ ಪಾತ್ರ ಮಾಡಿದ್ದು ಒಂದು ಜಾತಿಯ ಪಾಚಿ, ಬಿರಿಯುತ್ತಿರುವ ಸಮುದ್ರದ ಮಂಜುಗಡ್ಡೆ, ಹುಲ್ಲಿನ ದಂಟಿನ ಮೇಲೆ ನೊರೆ ಉಗುಳಿ ಅದರೊಳಗೇ ಮನೆ ಮಾಡಿಕೊಳ್ಳುವ ಒಂದು ಹುಳ. ಆ ಹುಳದ ಚಿತ್ರವನ್ನು ನಾವೆಲ್ಲ ದೋಣಿ ಹತ್ತಿ ಆಚೆ ದಡದ ಕುಸ್ತಾವಿ ಊರಿಗೆ ಹೋಗಿ, ಅಲ್ಲಿಯ ಗ್ರಂಥಾಲಯದಲ್ಲಿ ಕೂತು ನೋಡಿ ಬಂದೆವು. ದೋಣಿ ನಡೆಸುವ ಸೆಪ್ಪೋ ನಡುವೆಯೇ ಗೊರಕೆ ತೆಗೆದ. ನಾನು ಮೊಣಕೈಯಲ್ಲಿ ತಿವಿದೆ. "ಹುಳಾನೇ ಮಲಗಿದೆಯಲ್ಲೇ ಹಿಲ್ಕಾ, ನನ್ನನ್ಯಾಕೆ ತಿವೀತೀಯ?" ಎಂದು ಮತ್ತೆ ಕಣ್ಣು ಮುಚ್ಚಿದ.

ಹಿಲ್ಕಾ ಎಂದರೆ ನಾನೇ. ಕಾರಿಸಾರಿ ದ್ವೀಪದ ದೋಣಿಕಟ್ಟೆಯ ಮೇಲೆ ಅಂಗಡಿ ಇಟ್ಟುಕೊಂಡಿದ್ದೇನೆ. ಉಪ್ಪು, ಬಲೆ ಹೊಲಿಯುವ ದಾರ, ಕಾಫಿ, ನಾನೇ ಬೇಯಿಸಿದ ಏಲಕ್ಕಿ ಬನ್ನು, ಎಲ್ಲ ಸಿಗುತ್ತದೆ. ಮಾತು ಮಾತ್ರ ನಮ್ಮೂರಲ್ಲಿ ಸುಲಭವಾಗಿ ಸಿಗುವ ಸಾಮಾನಲ್ಲ. ಇಲ್ಲಿನವರು ಪ್ರೀತಿ ಬಂದರೆ ಸೌದೆ ಒಡೆದುಕೊಡುತ್ತಾರೆ, ಸಿಟ್ಟು ಬಂದರೂ ಸೌದೆಯನ್ನೇ ಒಡೆಯುತ್ತಾರೆ. ಯಾವುದಕ್ಕೆ ಒಡೆದರು ಎಂದು ಕೇಳುವ ಹಾಗಿಲ್ಲ, ಕೇಳುವುದು ಮರ್ಯಾದೆಯಲ್ಲ. ಆ ಮರ್ಯಾದೆ ನನಗೆ ಹುಟ್ಟಿನಿಂದಲೇ ಬರಲಿಲ್ಲ, ಅದಕ್ಕೇ ಊರಿನ ಪಾಲಿನ ಮಾತನ್ನೆಲ್ಲ ನಾನೊಬ್ಬಳೇ ಆಡಬೇಕಾಗಿದೆ.

ಸೈಲಾಳ ಅಪ್ಪ ರೇಯ್ನೋ ನನ್ನ ಜೊತೆ ಶಾಲೆಗೆ ಬಂದವನು. ದೊಡ್ಡ ಹಡಗುಗಳನ್ನು ನಮ್ಮ ದ್ವೀಪಗಳ ನಡುವಿನ ಬಂಡೆಗಳಿಂದ ತಪ್ಪಿಸಿ ಬಂದರಿಗೆ ಕರೆದೊಯ್ಯುವ ಪೈಲಟ್ ಕೆಲಸದಲ್ಲಿದ್ದ. ಹಗ್ಗಕ್ಕೆ ಸಿಕ್ಕಿ ಬಲಗೈ ತೋರುಬೆರಳಿನ ತುದಿ ಹೋಗಿದೆ. ಹೆಂಡತಿ ಬೇಗ ತೀರಿಕೊಂಡಳು. ಅವನು ಹಡಗಿನ ಮೇಲೆ ಹೋದಾಗ ಮಗು ನನ್ನ ಅಂಗಡಿಯಲ್ಲಿರುತ್ತಿತ್ತು. ಇರುತ್ತಿತ್ತು ಎಂದರೆ ಎಲ್ಲಿ ಇರುತ್ತಿತ್ತು! ಕಣ್ಣು ತಪ್ಪಿಸಿದರೆ ಸಾಕು, ದಡದ ಬಂಡೆಗಳ ಮೇಲೆ ಬೋರಲಾಗಿ ಮಲಗಿ, ನನ್ನ ಅಂಗಡಿಯ ಭೂತಗನ್ನಡಿ ಹಿಡಿದು ಕಲ್ಲನ್ನೇ ನೋಡುತ್ತಿತ್ತು. "ಏನೇ ಕಾಣ್ಸುತ್ತೆ ಅಲ್ಲಿ?" ಎಂದರೆ "ಕಾಡು" ಎನ್ನುತ್ತಿತ್ತು. ನಾನೂ ಒಮ್ಮೆ ಬಗ್ಗಿ ನೋಡಿದೆ. ಬಂಡೆಗೆ ಅಂಟಿದ ಕಲ್ಲುಹೂವು, ಅಷ್ಟೇ. ಆದರೆ ಗಾಜಿನಡಿಯಲ್ಲಿ ಅದಕ್ಕೆ ಕೊಂಬೆಗಳಿದ್ದವು, ಬಟ್ಟಲುಗಳಿದ್ದವು, ನೆರಳೂ ಇತ್ತು. ಎದ್ದು ನಿಂತಾಗ ನಮ್ಮೂರಿನ ಪೈನ್ ಮರಗಳೇ ಸ್ವಲ್ಪ ಹೊತ್ತು ಸುಳ್ಳಿನ ಹಾಗೆ ಕಂಡವು.

ಆ ಹುಡುಗಿ ತುರ್ಕು ನಗರಕ್ಕೆ ಹೋಗಿ ಕಲ್ಲುಹೂವಿನ ಮೇಲೆಯೇ ಓದಿ ಡಾಕ್ಟರೇಟ್ ಪಡೆದಳು. ನಮ್ಮ ದ್ವೀಪದಿಂದ ಅಷ್ಟು ಓದಿದವಳು ಅವಳೇ ಮೊದಲು. ರೇಯ್ನೋ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಆ ವಾರ ದೋಣಿಗೆ ಹೊಸ ಬಣ್ಣ ಹೊಡೆದ, ಬಾವುಟ ಕಟ್ಟಿದ. ನಮಗೆಲ್ಲ ಅರ್ಥವಾಯಿತು.

ಆಮೇಲೆ ಅವಳು ಕೆಲಸ ಬಿಟ್ಟಳು. ಪ್ರಯೋಗಾಲಯದಲ್ಲಿ ಕಲ್ಲುಹೂವನ್ನು ಕತ್ತರಿಸಿ, ಪುಡಿ ಮಾಡಿ, ಅಳೆದು ಅಳೆದು ಸಾಕಾಯಿತಂತೆ. "ನಾನು ಅದನ್ನ ನೋಡ್ಬೇಕು ಅಂತ ಹೋದೋಳು ಹಿಲ್ಕತ್ತೆ. ಅಲ್ಲಿ ಯಾರಿಗೂ ನೋಡೋಕೆ ಪುರುಸೊತ್ತೇ ಇಲ್ಲ," ಎಂದಳು. ಕೈಗೆ ಹಳೆಯ ಕ್ಯಾಮೆರಾ ಬಂತು. ಹೊಟ್ಟೆಪಾಡಿಗೆ ಮದುವೆ ಚಿತ್ರ ತೆಗೆದಳು, ಶಾಲೆಯಲ್ಲಿ ರಜೆ ಹಾಕಿದ ಮೇಷ್ಟ್ರ ಬದಲಿಗೆ ಪಾಠ ಮಾಡಿದಳು, ಒಂದು ಪಟ್ಟಣದಲ್ಲಿ ಚರಂಡಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ಎಲ್ಲಿ ಒಡೆದಿದೆ ಎಂದು ಹುಡುಕುವ ಕೆಲಸವನ್ನೂ ಮಾಡಿದಳು. ಅಯ್ಯೋ ದೇವರೇ, ಡಾಕ್ಟರೇಟ್ ಮಾಡಿ ಚರಂಡಿ! ಅವಳು ನಕ್ಕು, ಕೊಳವೆಯೊಳಗೂ ಒಂದು ಚಂದದ ಪಾಚಿ ಸಿಕ್ಕಿತು ಎಂದಳು.

ಕೆಲಸ ಬಿಟ್ಟ ಸುದ್ದಿ ತಂದ ದಿನ ರೇಯ್ನೋ ಮಗಳ ಮುಖ ನೋಡಲಿಲ್ಲ. ಹೊರಗೆ ಹೋಗಿ ಸಂಜೆಯವರೆಗೆ ಸೌದೆ ಒಡೆದ, ಆವಿಸ್ನಾನದ ಕೋಣೆಗೆ ಬೆಂಕಿ ಹಾಕಿದ. ಒಳಗೆ ಬಂದು "ಸೌನಾ ಕಾದಿದೆ" ಎಂದಷ್ಟೇ ಹೇಳಿದ. ಅಲ್ಲಿಂದಾಚೆಗೆ ಅವಳ ಕೆಲಸದ ವಿಷಯ ಅವನ ಬಾಯಲ್ಲಿ ಬರಲಿಲ್ಲ. ಅವಳೂ ಹೇಳಲಿಲ್ಲ. ಒಂದೇ ಮನೆ, ಒಂದೇ ಮೇಜು, ಅದೇ ಮೀನು ಆಲೂಗಡ್ಡೆ. ಇಬ್ಬರ ನಡುವೆ ಆ ಒಂದು ವಿಷಯ ಮಾತ್ರ ಮುಚ್ಚಿದ ಕೋಣೆಯಾಗಿ ಉಳಿಯಿತು.

ಆ ಹೊತ್ತಿಗೇ ಅವಳು ದೊಡ್ಡ ಚಿತ್ರ ಶುರು ಮಾಡಿದ್ದು. ದಡದಲ್ಲಿ ಊರಿಗೆಲ್ಲ ಸೇರಿದ ಒಂದು ಸೌನಾ ಇದೆ. ಅದರ ಹಿಂದೆ ಸಮುದ್ರದ ಕಡೆಗೆ ಮುಖ ಮಾಡಿದ ಒಂದು ಬಂಡೆ. ಅದರ ಮೇಲೆ ಎರಡು ಕಲ್ಲುಹೂವಿನ ಬಳೆಗಳಿದ್ದವು. ಒಂದು ಕಿತ್ತಳೆ ಬಣ್ಣದ್ದು, ಕಡಲಹಕ್ಕಿ ಕೂರುವ ತುದಿಯಿಂದ ಇಳಿದು ಬಂದದ್ದು. ಇನ್ನೊಂದು ಹಸಿರುಬೂದು, ಕೆಳಗಿನಿಂದ ಹತ್ತುತ್ತಿದ್ದದ್ದು. ನಡುವೆ ಹೆಬ್ಬೆರಳಿನಷ್ಟು ಬರಿಯ ಕಲ್ಲು. ಸೈಲಾ ಬಂಡೆಗೆ ಕಬ್ಬಿಣದ ಮೊಳೆ ಹೊಡೆದು, ಕ್ಯಾಮೆರಾ ಇಟ್ಟ ಪೆಟ್ಟಿಗೆಯೊಂದನ್ನು ಅದರ ಕಡೆಗೆ ತಿರುಗಿಸಿ ಬಿಗಿದಳು. ಪ್ರತಿದಿನ ಮಧ್ಯಾಹ್ನ ಅದು ತಾನಾಗಿಯೇ ಟಿಕ್ ಎಂದು ಒಂದು ಚಿತ್ರ ತೆಗೆಯುತ್ತಿತ್ತು. ದಿನಕ್ಕೆ ಒಂದೇ.

"ಇವೆರಡೂ ಮುಟ್ಟಿದಾಗ ಏನಾಗುತ್ತೆ ಹಿಲ್ಕತ್ತೆ?" ಎಂದು ಅವಳು ಕೇಳಿದ್ದು ನೆನಪಿದೆ. "ಒಂದು ಇನ್ನೊಂದರ ಮೇಲೆ ಹತ್ತುತ್ತೋ, ತಳ್ಳುತ್ತೋ, ಗೆರೆ ಎಳೆದು ನಿಂತುಬಿಡುತ್ತೋ? ಮೊದಲಿಂದ ಕೊನೇವರೆಗೂ ಕೂತು ನೋಡಿದೋರನ್ನ ನಾನಂತೂ ಕಂಡಿಲ್ಲ."

"ಅದಕ್ಕೆಷ್ಟು ದಿನ ಬೇಕೇ?"

"ಗೊತ್ತಿಲ್ಲ. ಅದಕ್ಕೇನೂ ಅವಸರ ಇಲ್ವಲ್ಲ."

ಹತ್ತು ಹನ್ನೊಂದು ವರ್ಷ ಹೋಯಿತು. ಮಂಜು ಬಂತು, ಕರಗಿತು. ನನ್ನ ಮಂಡಿ ನೋವು ಸೊಂಟಕ್ಕೆ ಹತ್ತಿತು. ಸೆಪ್ಪೋನ ತಲೆಗೂದಲು ಹೋಯಿತು. ಬಂಡೆಯ ಮೇಲಿನ ಆ ಹೆಬ್ಬೆರಳು ಅಗಲದ ಜಾಗ ಕಿರಿದಾಗುತ್ತಾ ಬಂದು, ಆ ವಸಂತದಲ್ಲಿ ಹುಲ್ಲುಕಡ್ಡಿಯಷ್ಟು ಉಳಿದಿತ್ತು. ಸೈಲಾ ದಿನಾ ಹೋಗಿ ಗಾಜು ಒರೆಸಿ ಬರುತ್ತಿದ್ದಳು. ಅವಳ ಕೂದಲೂ ಅಲ್ಲಲ್ಲಿ ಬೂದಾಗಿತ್ತು. ಮುಖ ಮಾತ್ರ ಬೋರಲಾಗಿ ಮಲಗಿ ಕಾಡು ನೋಡುತ್ತಿದ್ದ ಮಗುವಿನದೇ. ಹೆಲ್ಸಿಂಕಿಯ ಒಂದು ಚಿತ್ರೋತ್ಸವದ ಹೆಂಗಸು ಬೇಸಿಗೆಯಲ್ಲಿ ಬಂದು ಬಂಡೆ ನೋಡುತ್ತೇನೆ, ಚಿತ್ರವನ್ನೂ ನೋಡುತ್ತೇನೆ ಎಂದಿದ್ದಳಂತೆ. ಈ ಸುದ್ದಿ ಅಂಗಡಿಯಲ್ಲಿ ಓಡಾಡಿತು. ರೇಯ್ನೋ ತಂಬಾಕು ಕೊಳ್ಳಲು ಬಂದವನು ಕೇಳಿಸಿಕೊಂಡ. ತಂಬಾಕು ಜೇಬಿಗೆ ಹಾಕಿಕೊಂಡು ಹೋದ.

ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಮುಂಚೆ ನಮ್ಮೂರಲ್ಲಿ ತಾಲ್ಕೋತ್ ನಡೆಯುತ್ತದೆ. ಕೂಲಿಯಿಲ್ಲ, ಮೇಸ್ತ್ರಿಯಿಲ್ಲ, ಎಲ್ಲರೂ ಬಂದು ದಡ ಗುಡಿಸಿ, ಕಟ್ಟೆಯ ಹಲಗೆ ಬದಲಿಸಿ, ಸೌನಾ ತೊಳೆದು, ಕೊನೆಗೆ ಒಟ್ಟಿಗೆ ಬಟಾಣಿ ಸಾರು ಕುಡಿಯುತ್ತೇವೆ. ಯಾರು ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಕೊಳಕು ಕಂಡಲ್ಲಿ ಬ್ರಷ್ಷು ಹಿಡಿದು ಕೂರುವುದು, ಅಷ್ಟೇ. ಆ ದಿನ ಸೈಲಾ ಪೆಟ್ಟಿಗೆಗೆ ಬ್ಯಾಟರಿ ತರಲು ಕುಸ್ತಾವಿಗೆ ಹೋಗಿದ್ದಳು. ನಾನು ಸಾರಿನ ಹಂಡೆಯ ಮುಂದಿದ್ದೆ. ಸೌನಾದ ಹಿಂದಿನಿಂದ ಕರಕರ ತಿಕ್ಕುವ ಸದ್ದು ಬರುತ್ತಿತ್ತು. ಯಾರೋ ಮೆಟ್ಟಿಲು ತೊಳೆಯುತ್ತಿದ್ದಾರೆ ಎಂದುಕೊಂಡೆ.

ಮಧ್ಯಾಹ್ನದ ಮೇಲೆ ಸೈಲಾಳ ದೋಣಿ ಬಂತು. ರೇಯ್ನೋ ಕಟ್ಟೆಯ ಮೇಲೆ ಕಾಯುತ್ತಿದ್ದ. ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಅವನು ಯಾರನ್ನೂ ಕಟ್ಟೆಗೆ ಬಂದು ಕಾದವನಲ್ಲ.

"ಬಾ ಇಲ್ಲಿ. ನೋಡು," ಎಂದು ಅವಳನ್ನು ಸೌನಾದ ಹಿಂದಕ್ಕೆ ಕರೆದೊಯ್ದ. ನಾನೂ ಸೌಟು ಹಿಡಿದುಕೊಂಡೇ ಹಿಂದೆ ಹೋದೆ.

ಬಂಡೆ ಕೆಂಪಗೆ ಹೊಳೆಯುತ್ತಿತ್ತು. ಸಾಬೂನಿನ ವಾಸನೆ. ಈಗಷ್ಟೇ ಮೀಯಿಸಿ ತಂದ ಕೂಸಿನ ಬೆನ್ನಿನ ಹಾಗೆ ಒದ್ದೆ, ನುಣುಪು, ಖಾಲಿ. ಕಿತ್ತಳೆಯೂ ಇಲ್ಲ, ಹಸಿರೂ ಇಲ್ಲ.

"ಹೊರಗಿನೋರು ಬರ್ತಾರೆ ಅಂದ್ರು," ಎಂದ ರೇಯ್ನೋ. "ನೀನು ಚಿತ್ರ ತೆಗೆಯೋ ಬಂಡೆ ಕೊಳಕಾಗಿತ್ತು. ವರ್ಷಗಟ್ಟಲೆ ಕಲೆ, ಉಕ್ಕಿನ ಬ್ರಷ್ಷೇ ಬೇಕಾಯ್ತು. ಪೆಟ್ಟಿಗೆ ಮುಟ್ಟಿಲ್ಲ ನಾನು. ಕೂದಲೆಳೆಯಷ್ಟೂ ಅಲ್ಲಾಡಿಲ್ಲ, ಬೇಕಾದ್ರೆ ನೋಡ್ಕೋ."

ಅದು ಅವನ ಒಂದು ವರ್ಷದ ಮಾತು. ಮುಖದಲ್ಲಿ ಬಾವುಟ ಕಟ್ಟಿದ ದಿನದ ಕಳೆಯಿತ್ತು. ನಾನು ಸೈಲಾಳನ್ನು ನೋಡಿದೆ. ಅವಳು ಬಂಡೆಯನ್ನು ನೋಡಿದಳು, ಅಪ್ಪನ ಕೈಯನ್ನು ನೋಡಿದಳು. ಸಮುದ್ರ ತನ್ನ ಪಾಡಿಗೆ ದಡ ನೆಕ್ಕುತ್ತಿತ್ತು.

"ಹೊಳೀತಿದೆ ಅಪ್ಪ," ಎಂದಳು. "ಕೈ ನೋಯ್ಲಿಲ್ವಾ?"

"ಏ, ಅದೇನ್ ಮಹಾ," ಎಂದು ಬಕೆಟ್ಟು ಎತ್ತಿಕೊಂಡು ಹೋದ.

ಅಂಗಡಿಗೆ ಬಂದು ಅವಳು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತಳು. ನನಗೆ ತಡೆಯಲಾಗಲಿಲ್ಲ. "ಅಲ್ಲವೇ, ಆ ಮುದುಕನಿಗೆ ಕಣ್ಣಿಲ್ವಾ? ಇಷ್ಟು ವರ್ಷ ಆ ಪೆಟ್ಟಿಗೆ ಏನನ್ನ ನೋಡ್ತಿದೆ ಅಂತ ಒಂದಿನ ಕೇಳೋಕಾಗ್ಲಿಲ್ವಾ? ನಾನು ಹೋಗಿ ಹೇಳ್ತೀನಿ, ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ!"

"ನಾನೂ ಹೇಳಿರ್ಲಿಲ್ಲ ಅತ್ತೆ. ಕಲ್ಲಿನ ಚಿತ್ರ ಅಂತಲೇ ಅವನು ತಿಳ್ಕೊಂಡಿದ್ದು." ಸೈಲಾ ಅಳುತ್ತಿರಲಿಲ್ಲ, ಅದೇ ನನಗೆ ಹೆದರಿಕೆ. "ನಾನು ಕೆಲಸ ಬಿಟ್ಟಾಗಿಂದ ಅಪ್ಪ ನನ್ನ ಕೆಲಸದ ಹತ್ರ ಒಂದು ಹೆಜ್ಜೆ ಬಂದಿರ್ಲಿಲ್ಲ. ಇವತ್ತು ಬಂದಿದಾನೆ. ಬಂದೋನಿಗೆ ಏನಂತ ಹೇಳ್ಲಿ?"

ನಾನು ಅವಳ ಮುಂದೆ ಬಿಸಿ ಕಾಫಿ ಇಟ್ಟೆ.

ಸಂಜೆ ಅವಳು ಪೆಟ್ಟಿಗೆಯೊಳಗಿನ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಕೊನೆಯದು ಆ ಮಧ್ಯಾಹ್ನದ್ದೇ. ಟಿಕ್ ಎನ್ನುವ ಹೊತ್ತಿಗೆ ಸರಿಯಾಗಿ ರೇಯ್ನೋ ಪೆಟ್ಟಿಗೆಯ ಕೆಳಗೆ ಕೈ ತೂರಿಸಿ ತಿಕ್ಕುತ್ತಿದ್ದನಲ್ಲ, ಇಡೀ ಚಿತ್ರದ ತುಂಬ ಅವನ ಕೈ. ನರ ಎದ್ದ ಮುಂಗೈ, ತುದಿಯಿಲ್ಲದ ಬೆರಳು, ನೊರೆ, ನೊರೆಯ ಕೆಳಗೆ ಕಿತ್ತಳೆಯ ಒಂದು ಚೂರು. ಇಷ್ಟು ವರ್ಷ ಮನುಷ್ಯರೇ ಇಲ್ಲದ ಚಿತ್ರದೊಳಗೆ ಆ ಕೈ ಬಂದು ನಿಂತಿತ್ತು.

"ಇದನ್ನ ಹಾಕಿದ್ರೆ ನನ್ನ ಸಿನಿಮಾ ನಿಜವಾಗಿ ಮುಗಿಯುತ್ತೆ," ಎಂದಳು. "ಊರೆಲ್ಲ ನೋಡುತ್ತೆ. ಅಪ್ಪಾನೂ ನೋಡ್ತಾನೆ. ಹಾಕಲ್ಲ."

"ಹಾಗಾದ್ರೆ ಕಂಪ್ಯೂಟರಲ್ಲಿ ಎರಡು ಬಳೇನೂ ಸೇರಿಸಿಬಿಡೇ. ಈಗೆಲ್ಲ ಹಾಗೇ ಮಾಡ್ತಾರಂತಲ್ಲ."

ಅವಳು ನನ್ನನ್ನು ನೋಡಿದ ನೋಟ! "ಆಗದೇ ಇದ್ದದ್ದನ್ನ ಆಯ್ತು ಅಂತ ತೋರಿಸ್ಲಾ? ಹಾಗಾದ್ರೆ ನಾನು ಓದಿದ್ದೆಲ್ಲ ಎಲ್ಲಿಗೆ ಹೋಯ್ತು?"

ಊರಿಗೆಲ್ಲ ವಿಷಯ ಗೊತ್ತಾಯಿತು, ರೇಯ್ನೋಗೆ ಮಾತ್ರ ಇಲ್ಲ. ಸುಮ್ಮನಿರುವುದು ನಮ್ಮವರಿಗೆ ಕಷ್ಟವೇ? ಕಷ್ಟವಾದದ್ದು ನನಗೆ. ಅದರ ಮೇಲೆ ಆ ಮಹಾರಾಯ ಬೇಸಿಗೆಯಿಡೀ ಶನಿವಾರ ಶನಿವಾರ ಸೌನಾಕ್ಕೆ ಮುಂಚೆ ಒಂದು ಬಕೆಟ್ಟು ನೀರು ಒಯ್ದು ಬಂಡೆಯನ್ನು ಇನ್ನೊಮ್ಮೆ ತಿಕ್ಕಿ ಬರುತ್ತಿದ್ದ. ಮಗಳು "ಸಾಕು ಬಿಡಪ್ಪ" ಎಂದರೆ "ಮತ್ತೆ ಕಲೆ ಹಿಡಿಯುತ್ತೆ" ಎನ್ನುತ್ತಿದ್ದ. ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಬೈದುಕೊಳ್ಳುತ್ತಿದ್ದೆ.

ಹೆಲ್ಸಿಂಕಿಯ ಹೆಂಗಸು ಬಂದಳು, ಚಿತ್ರ ನೋಡಿದಳು. ತುಂಬ ಚೆನ್ನಾಗಿದೆ, ಆದರೆ ಕೊನೆ ಎಲ್ಲಿ ಎಂದಳು. ಬಳೆಗಳು ಹುಲ್ಲುಕಡ್ಡಿಯಷ್ಟು ದೂರದಲ್ಲಿದ್ದಾಗ ಚಿತ್ರ ಕತ್ತಲಾಗುತ್ತಿತ್ತು. "ಇಷ್ಟೇ" ಎಂದಳು ಸೈಲಾ. ಕೊನೆ ಸಿಕ್ಕಾಗ ತಿಳಿಸಿ ಎಂದು ಹೇಳಿ ಆಕೆ ದೋಣಿ ಹತ್ತಿದಳು.

ನವೆಂಬರಿನಲ್ಲಿ ಊರಿನವರಿಗೆ ತೋರಿಸುವುದೆಂದಾಯಿತು. ಆ ತಿಂಗಳು ನಮ್ಮಲ್ಲಿ ಮಧ್ಯಾಹ್ನದ ಕಾಫಿಯ ಹೊತ್ತಿಗೇ ಕತ್ತಲು. ದೋಣಿಮನೆಯಲ್ಲಿ ಬಿಳಿ ಹಾಯಿಬಟ್ಟೆ ಬಿಗಿದೆವು, ಮೀನಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತೆವು. ರೇಯ್ನೋ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಕ್ಷೌರ ಮಾಡಿಕೊಂಡು, ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಮುಂದೆಯೇ ಕೂತ. ಸೈಲಾ ಒಮ್ಮೆ ಅವನ ಬೆನ್ನು ನೋಡಿ ದೀಪ ಆರಿಸಿದಳು.

ಹೇಗೆ ಹೇಳಲಿ ಆ ಚಿತ್ರವನ್ನು? ದಿನಗಳು ಉಸಿರಿನ ಹಾಗೆ ಬಂದು ಹೋಗುತ್ತಿದ್ದವು. ಬಿಸಿಲು ಬಂಡೆಯ ಮೇಲೆ ಜಾರಿತು. ಮಂಜು ಒಮ್ಮೆ ರೆಪ್ಪೆ ಮುಚ್ಚಿದ ಹಾಗೆ ಮುಚ್ಚಿ ತೆರೆಯಿತು. ಒಂದು ಇರುವೆ, ಒಂದು ಗರಿ, ಒಂದು ಮಳೆ. ಅದೆಲ್ಲದರ ಕೆಳಗೆ ಆ ಎರಡು ಬಳೆಗಳು, ರೊಟ್ಟಿ ತಟ್ಟುವಾಗ ಅಂಚು ಹಿಗ್ಗುವ ಹಾಗೆ, ಒಂದರ ಕಡೆಗೆ ಒಂದು ಹಿಗ್ಗುತ್ತಾ ಬಂದವು. ನಾವು ಅದೇ ವರ್ಷಗಳನ್ನು ಅದೇ ದಡದಲ್ಲಿ ಬದುಕಿದ್ದೆವು. ಮದುವೆ ಮಾಡಿದ್ದೆವು, ಸತ್ತವರನ್ನು ಹೂತಿದ್ದೆವು, ಜಗಳವಾಡಿದ್ದೆವು. ನಮಗೆ ಕಾಣದ ಹಾಗೆ ಇದೂ ನಡೆಯುತ್ತಿತ್ತಲ್ಲ! ಸೆಪ್ಪೋ ನಿದ್ದೆ ಮಾಡಲಿಲ್ಲ. ಉಗುರು ಕಚ್ಚುತ್ತಿದ್ದ. ಬಳೆಗಳು ಹತ್ತಿರ ಬಂದವು, ಇನ್ನೂ ಹತ್ತಿರ ಬಂದವು. ಬಟ್ಟೆ ಕತ್ತಲಾಯಿತು.



"ಆಮೇಲೆ?" ರೇಯ್ನೋನ ದನಿ.

ನಮ್ಮೂರಲ್ಲಿ ಕೇಳುವುದು ಮರ್ಯಾದೆಯಲ್ಲ ಎಂದೆನಲ್ಲ. ಅವನು ಕೇಳಿದ.

"ಮುಗೀತು ಅಪ್ಪ," ಎಂದಳು ಸೈಲಾ.

"ಅದು ಸೌನಾ ಬಂಡೆ."

"ಹೂಂ."

"ಆ ಕಲೆಗಳೇ ನಿನ್ನ ಸಿನಿಮಾ." ಕತ್ತಲಾದ ಬಟ್ಟೆಯನ್ನೇ ನೋಡುತ್ತಾ ಹೇಳಿದ, "ನಾನು ತಿಕ್ಕುವಾಗ ಪೆಟ್ಟಿಗೆ ಟಿಕ್ ಅಂತು. ನನ್ನ ಕೈ ಅದರ ಮುಂದಿತ್ತು. ಆ ಚಿತ್ರ ಎಲ್ಲಿ?"

"ಅಪ್ಪ, ಬೇಡ."

"ಇದೆಯೋ ಇಲ್ವೋ?"

"ಇದೆ."

"ಹಾಕು."

"ಬೇಡಪ್ಪ, ಎಲ್ರೂ..."

"ಸೈಲಾ." ಅವನು ಎದ್ದು ನಿಂತ. ಹಾಯಿಬಟ್ಟೆಯ ಮುಂದೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. "ಬದುಕೆಲ್ಲ ಹಡಗು ನಡೆಸಿದೆ. ಒಂದ್ಸಲ ತಳ ಬಂಡೆಗೆ ತಾಗಿಸ್ದೆ. ತಾಗಿಸ್ದೆ ಅಂತಲೇ ಬಂದು ಹೇಳ್ದೆ, ತಪ್ಪನ್ನ ಗಾಳಿ ಮೇಲೆ ಹಾಕ್ಲಿಲ್ಲ. ಆದದ್ದನ್ನ ಆಗಿಲ್ಲ ಅಂತ ತೋರಿಸೋದೂ ಸುಳ್ಳೇ ಅಲ್ವಾ? ನಿನಗೆ ಅಲ್ಲಿ ಅದನ್ನ ಹೇಳಿಕೊಡ್ಲಿಲ್ವಾ?"

ಅವಳು ಹಾಕಿದಳು. ಗೋಡೆಯಷ್ಟು ದೊಡ್ಡ ಕೈ. ನೊರೆ, ಬ್ರಷ್ಷು, ತುದಿಯಿಲ್ಲದ ಬೆರಳು. ರೇಯ್ನೋ ಬಹಳ ಹೊತ್ತು ತನ್ನ ಕೈಯನ್ನೇ ನೋಡಿದ. ಆಮೇಲೆ ತಿರುಗದೆಯೇ ಕೇಳಿದ, "ಮತ್ತೆ ಬೆಳೆಯೋಕೆ ಎಷ್ಟು ಕಾಲ ಬೇಕು?"

"ನಿನ್ನ ಕಾಲಕ್ಕೆ ಆಗಲ್ಲ ಅಪ್ಪ. ನನ್ನ ಕಾಲಕ್ಕೂ ಕಷ್ಟ."

ದೋಣಿ ತಡವಾಗುತ್ತದೆ ಎಂಬ ಸುದ್ದಿ ಕೇಳಿದವನ ಹಾಗೆ ತಲೆಯಾಡಿಸಿದ. ಹೋಗುವಾಗ ಮಗಳ ಹೆಗಲ ಮೇಲೆ ಆ ಕೈ ಇಟ್ಟ. ಅಷ್ಟರಲ್ಲಿ ನಾನು ಮುಸುಮುಸು ಅಳುತ್ತಿದ್ದೆ, ನಾಚಿಕೆ ಏನು ಬಂತು, ಸೆಪ್ಪೋನೂ ಅಳುತ್ತಿದ್ದ.

ವಸಂತದಲ್ಲಿ ಮಂಜು ಬಿಟ್ಟ ಮೇಲೆ ರೇಯ್ನೋ ಅಂಗಡಿಗೆ ಬಂದು ಮಜ್ಜಿಗೆ ಕೊಡು ಎಂದ.

"ನೀನು ಮಜ್ಜಿಗೆ ಕುಡಿಯೋದು ಯಾವತ್ತಿಂದಯ್ಯಾ? ಮುಖ ಸಿಂಡರಿಸ್ಕೊಂಡು ಓಡಿ ಹೋಗ್ತಿದ್ದೆ."

"ಕುಡಿಯೋಕಲ್ಲ. ಕಲ್ಲಿಗೆ ಬಳಿದ್ರೆ ಕಲ್ಲುಹೂವು ಬೇಗ ಹಿಡಿಯಬಹುದಂತೆ. ಸೈಲಾ ಹೇಳಿದಾಳೆ." ಕಲೆ ಕಲೆ ಎನ್ನುತ್ತಿದ್ದವನ ಬಾಯಲ್ಲಿ ಕಲ್ಲುಹೂವಿನ ಹೆಸರು ಬಂದದ್ದು, ಅದೂ ಎಷ್ಟು ಸಲೀಸಾಗಿ! "ಬ್ರಷ್ಷು ಮೆತ್ತಗಿನದು ಬೇಕು. ನನ್ನ ಕ್ಷೌರದ್ದೇ ಇದೆ."

ಅಂದಿನಿಂದ ಒಂದು ಬಟ್ಟಲು ಮಜ್ಜಿಗೆ ಹಿಡಿದುಕೊಂಡು ಹೋಗುತ್ತಾನೆ. ಪೆಟ್ಟಿಗೆ ಅಲ್ಲೇ ಇದೆ, ಅದರ ಕೆಲಸ ನಿಂತಿಲ್ಲ. ಟಿಕ್ ಎನ್ನುವ ಹೊತ್ತಿಗೇ ಏಕೆ ಹೋಗುತ್ತಾನೋ, ಹೊಸ ಚಿತ್ರಗಳಲ್ಲೆಲ್ಲ ಅವನ ಕೈಯೇ ತುಂಬಿದೆ. ಅಪ್ಪನಿಗೆ ಸ್ವಲ್ಪ ಮುಂಚೆ ಹೋಗು ಅನ್ನಬಾರದೇನೇ ಎಂದರೆ ಸೈಲಾ ಕೇಳಿಸಿಕೊಳ್ಳದವಳ ಹಾಗೆ ಬನ್ನು ತಿನ್ನುತ್ತಾಳೆ.

ಹಳೆಯ ಚಿತ್ರಕ್ಕೆ ಆ ಕೈಯೇ ಕೊನೆಯಾಯಿತು. ಹೆಲ್ಸಿಂಕಿಯವರು ಕರೆದರು. ಮೊನ್ನೆ ಸೈಲಾ ಅಲ್ಲಿಂದ ತಿರುಗಿ ಬಂದಾಗ ನಾವಿಬ್ಬರೂ ಕಟ್ಟೆಯ ಮೇಲಿದ್ದೆವು, ನಾನೂ ರೇಯ್ನೋನೂ.

"ಏನಂದ್ರು ಜನ?" ಎಂದು ಅವನೇ ಕೇಳಿದ.

"ತುಂಬ ಹೊತ್ತು ಯಾರೂ ಏಳಲಿಲ್ಲ ಅಪ್ಪ. ಆಮೇಲೆ ಒಬ್ಬರು ಎದ್ದು, ಆ ಕೈ ಯಾರದು ಅಂತ ಕೇಳಿದ್ರು."

"ನೀನೇನಂದೆ?"

"ನಮ್ಮಪ್ಪಂದು ಅಂದೆ. ನನಗೆ ಸಹಾಯ ಮಾಡೋಕೆ ಬಂದಿದ್ದ ಅಂದೆ."

ರೇಯ್ನೋ ಅವಳ ಚೀಲ ಇಸಿದುಕೊಂಡು ನನ್ನ ಅಂಗಡಿಯ ಮೆಟ್ಟಿಲ ಮೇಲಿಟ್ಟ. ಕಣ್ಣು ಒರೆಸಿಕೊಳ್ಳಲಿಲ್ಲ, ಗಾಳಿಗೆ ಬಿಟ್ಟ. ಆಮೇಲೆ ಮಜ್ಜಿಗೆಯ ಬಟ್ಟಲು ತೆಗೆದುಕೊಂಡು ಬಂಡೆಯ ಕಡೆಗೆ ನಡೆದ. ಮಧ್ಯಾಹ್ನವಾಗುತ್ತಾ ಬಂದಿತ್ತು.